ಆವಿಗೆಯ ಕಿಂಡಿ

ಫೆಬ್ರವರಿ 19, ಬುಧವಾರ

ಬೆಳಿಗ್ಗೆ ನಮ್ಮ ಕುಂಬಾರಿಕೆ ಸ್ಟುಡಿಯೋದ ದೊಡ್ಡ ಕಿಲ್ನ್, ಅಂದರೆ ಕರೆಂಟಿನ ಆವಿಗೆ, ಲೋಡ್ ಮಾಡಿದೆ. ಹದಿನೇಳು ಬಟ್ಟಲು, ಆರು ಮಗ್. ಯಾವುದೋ ಬ್ಯಾಂಕಿನವರು ಟೀಮ್ ಬಿಲ್ಡಿಂಗ್‌ಗೆ ಬಂದು ಮಾಡಿಟ್ಟು ಹೋದ ಒಂದು ಆನೆ. ಸೊಂಡಿಲು ಎರಡನೇ ಸಲ ಉದುರಿತ್ತು, ಕೂತು ಅಂಟಿಸುತ್ತಿದ್ದೆ. ಕಿಯಾನ್ ಒದ್ದೆ ಮಾಪ್ ಹಿಡಿದು ನೆಲ ಒರೆಸುತ್ತಿದ್ದ. ಜೇಡಿಮಣ್ಣಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಗುಡಿಸಬಾರದು, ಒರೆಸಬೇಕು — ಹದಿನಾಲ್ಕು ವರ್ಷದಿಂದ ಇದೇ ಪುರಾಣ. ನನಗೆ ಸಿಕ್ಕಿದ್ದು ಗಂಡನೋ ಹೆಲ್ತ್ ಇನ್‌ಸ್ಪೆಕ್ಟರೋ.

ಎಷ್ಟು ಒರೆಸಿದರೂ ಹತ್ತು ಗಂಟೆಯ ಬಿಸಿಲುಕೋಲು ಮೆಟ್ಟಿಲ ಪಕ್ಕದ ಕಿಟಕಿಯಿಂದ ಬಿದ್ದಾಗ ಅದರ ತುಂಬ ಕಣಗಳು. ಮೇಲೆ ಹೋಗುವುದಿಲ್ಲ, ಕೆಳಗೆ ಬರುವುದಿಲ್ಲ. ನೋಡುತ್ತಾ ನಿಂತರೆ ನಮ್ಮ ಸ್ಟುಡಿಯೋ ಇರುವ ಈ ಉಬಿ ಬಡಾವಣೆಯೇ ಮರೆತುಹೋಗುತ್ತದೆ... ಕೆಳಗಿನ ಕಾರ್ ವರ್ಕ್‌ಶಾಪಿನ ಸದ್ದೂ ಎಲ್ಲೋ ದೂರ. ಏಳು ವರ್ಷದವಳಿದ್ದಾಗ ಅಣ್ಣ ಇಂಥದೇ ಬಿಸಿಲಿನಲ್ಲಿ ಕೂರಿಸಿ ಹೇಳಿದ್ದರು. ಪರಮಾಣು ಕಣ್ಣಿಗೆ ಕಾಣುವುದಿಲ್ಲ. ಎರಡೆರಡು ಸೇರಿ ಜೋಡಿ. ಅಂಥ ಮೂರು ಜೋಡಿ ಸೇರಿದರೆ ಬಿಸಿಲಲ್ಲಿ ತೇಲುವ ಈ ಒಂದು ಕಣ. ಇದಕ್ಕಿಂತ ಸಣ್ಣದನ್ನು ಬುದ್ಧಿಯಿಂದಲೇ ನೋಡಬೇಕು.

ಆಮೇಲೆ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದೆ. ಆರಲ್ಲ, ಕೋಟಿ ಕೋಟಿ ಕೋಟಿ ಅಂತ ಗೊತ್ತಾಯಿತು. ಆದರೂ ಬಿಸಿಲುಕೋಲು ಕಂಡರೆ ಮನಸ್ಸು ಆರು ಅಂತಲೇ ಎಣಿಸುತ್ತದೆ.

ಆಗ ಫೋನ್. ಪಾಸಿರ್ ಪಂಜಾಂಗ್‌ನ ಹಯಗ್ರೀವ ಅಂಕಲ್, ಯೂನಿವರ್ಸಿಟಿಯಲ್ಲಿ ಫಿಲಾಸಫಿ ಪಾಠ ಮಾಡುವವರು, ನಮ್ಮ ಮೈಸೂರಿನವರೇ.

"ಪದ್ಮಜಾ, ಕೂತಿದ್ದೀಯೇನಮ್ಮ?"

"ಕೂತಿದೀನಿ ಅಂಕಲ್, ಯಾಕೆ?"

"ಮಾರ್ಚ್‌ನಲ್ಲಿ ಒಂದು ಕಾನ್ಫರೆನ್ಸ್ ಮಾಡ್ತಿದೀವಿ. ಪರಮಾಣು ಅನ್ನೋ ಐಡಿಯಾ ಮೊದಮೊದಲು ಹೇಗೆ ಹುಟ್ತು ಅಂತ. ಗ್ರೀಕರದ್ದು, ನಮ್ಮ ಕಣಾದಂದು, ಆಮೇಲೆ ಡಾಲ್ಟನ್‌ದು. ನಮ್ಮ ಕಡೆಯಿಂದ ಮಾತಾಡೋಕೆ ನಿಮ್ಮ ತಂದೇನೇ ಕರೆಸ್ತಿದೀವಿ. ಒಪ್ಕೊಂಡಿದಾರೆ. ನಮ್ಮನೇಲೇ ಇರ್ತಾರೆ."

ಸೊಂಡಿಲು ಮೂರನೇ ಸಲ ಬಿತ್ತು.

ಫೆಬ್ರವರಿ 20

ಗಾರ್ಗಿಗೆ ಹನ್ನೊಂದು ವರ್ಷ. ಪ್ರಶ್ನೆಗಳು ಎಂಬತ್ತರ ಅಜ್ಜಿಯವು. "ಅಮ್ಮಾ, ತಾತನ್ನ ಯಾಕೆ ಅಣ್ಣ ಅಂತೀಯ? ಬ್ರದರ್ ಅಲ್ವಾ ಅದು?" ನಮ್ಮನೆಯಲ್ಲಿ ಅಪ್ಪನನ್ನು ಅಣ್ಣ ಅಂತಲೇ ಕರೆಯುವುದು, ಅವರೂ ಅವರಪ್ಪನನ್ನು ಹಾಗೇ ಕರೆದರು ಅಂದೆ. "ವೆರಿ ಕನ್‌ಫ್ಯೂಸಿಂಗ್ ಲಾ" ಅಂತ ಈ ಊರಿನವರ ಹಾಗೆ ಕೊನೆಗೊಂದು ಲಾ ಸೇರಿಸಿ ಎದ್ದು ಹೋದಳು. ಅವಳು ತಾತನನ್ನು ಒಮ್ಮೆಯೂ ನೋಡಿಲ್ಲ.

ವಿದ್ವಾನ್ ದ್ವಾರಕನಾಥ. ತರ್ಕ ಪಂಡಿತರು. ಚೀನೀ ಹುಡುಗನನ್ನು ಮದುವೆಯಾಗುತ್ತೇನೆ ಅಂತ ಬರೆದಾಗ ನನಗೆ ಬಂದ ಉತ್ತರ ಒಂದೇ ಸಾಲು. *ಇನ್ನು ನಿನ್ನ ಕೈಯ ನೀರು ನನಗಿಲ್ಲ.* ಪೋಸ್ಟ್‌ಕಾರ್ಡಿನಲ್ಲಿ. ಪೋಸ್ಟ್‌ಮ್ಯಾನ್ ಓದಿದರೂ ಪರವಾಗಿಲ್ಲ ಅನ್ನುವಷ್ಟು ಕೋಪ. ಅಮ್ಮ ಇದ್ದಷ್ಟು ದಿನ ಭಾನುವಾರ ಫೋನ್ ಮಾಡುತ್ತಿದ್ದರು. ಹಿಂದೆ ಅಣ್ಣ ಕೆಮ್ಮುವುದು ಕೇಳಿಸುತ್ತಿತ್ತು. ಕೆಮ್ಮು ಕೇಳಿದರೆ ಸಾಕು, ನನಗೆ ಆ ವಾರ ಚೆನ್ನಾಗಿ ಕಳೆಯುತ್ತಿತ್ತು. ಅಮ್ಮ ಹೋಗಿ ಮೂರು ವರ್ಷವಾಯಿತು. ಕೆಮ್ಮೂ ನಿಂತುಹೋಯಿತು.

ನನಗೆ ಬೇಕಾದ್ದು ದೊಡ್ಡದೇನಲ್ಲ. ಕ್ಷಮೆ ಬೇಡ, ಆಶೀರ್ವಾದ ಬೇಡ. ನನ್ನ ಕೈಯಿಂದ ಒಂದು ಲೋಟ ನೀರು ಕುಡಿಯಬೇಕು.

ಫೆಬ್ರವರಿ 27, MRT ರೈಲಿನಲ್ಲಿ

ಕಲ್ಲಾಂಗ್‌ನಲ್ಲಿ ಹತ್ತಿದೆ. ಸೀಟ್ ಸಿಕ್ಕಿತು, ಸಿಕ್ಕಿದ ಕೂಡಲೇ ಜೋಂಪು.

ಅಣ್ಣನಿಗೆ ಪ್ರಿಯವಾದ ವಾದ ನೆನಪಾಗುತ್ತಿತ್ತು. ಹಸಿ ಮಡಕೆ ಕಪ್ಪಗೆ. ಸುಟ್ಟ ಮಡಕೆ ಕೆಂಪಗೆ. ಒಳಗೆ ಏನು ನಡೆಯಿತು? ಕಣಾದನ ಕಡೆಯವರು ಹೇಳುತ್ತಾರೆ: ಬೆಂಕಿ ತಾಗಿದ ಕೂಡಲೇ ಮಡಕೆ ಪರಮಾಣು ಪರಮಾಣುವಾಗಿ ಬಿಚ್ಚಿಕೊಳ್ಳುತ್ತದೆ. ಒಂದೊಂದು ಪರಮಾಣುವೂ ಬೆಂದು ಕೆಂಪಾಗುತ್ತದೆ. ಆಮೇಲೆ ಮತ್ತೆ ಕೂಡಿಕೊಂಡು ಮಡಕೆಯಾಗುತ್ತದೆ. ಎಷ್ಟು ಬೇಗ ಅಂದರೆ ಯಾರಿಗೂ ತಿಳಿಯುವುದಿಲ್ಲ. ಅಂದ ಮೇಲೆ ಆವಿಗೆಗೆ ಹೋದದ್ದು ಒಂದು ಮಡಕೆ, ಬಂದದ್ದು ಇನ್ನೊಂದು. ಎದುರು ಪಕ್ಷ ನೈಯಾಯಿಕರದ್ದು: ಹುಚ್ಚೇ? ಮಡಕೆ ಎಲ್ಲೂ ಒಡೆಯುವುದಿಲ್ಲ, ಸಣ್ಣ ರಂಧ್ರಗಳಿಂದ ಶಾಖ ಒಳಗೆ ಹೋಗಿ ಬಣ್ಣ ಬದಲಾಗುತ್ತದೆ, ಮಡಕೆ ಅದೇ. ಐವತ್ತು ವರ್ಷ ಅಣ್ಣ ಮೊದಲನೇ ಪಕ್ಷ ಹಿಡಿದು ಸಭೆ ಸಭೆಯಲ್ಲಿ ಗೆದ್ದರು. ಶಾಲು ಹೊದಿಸಿಕೊಂಡರು.

ಅಲ್ಜುನೈಡ್ ಬರುವಷ್ಟರಲ್ಲಿ ಅರೆನಿದ್ದೆ. ಬೋಗಿಯಲ್ಲಿದ್ದವರೆಲ್ಲ ಬಿಚ್ಚಿಕೊಂಡರು... ಎದುರಿನ ಸ್ಕೂಲ್ ಯೂನಿಫಾರ್ಮು, ಫೋನಿನಲ್ಲಿ ಮುಳುಗಿದ ಆಂಟಿ, ಸೊಪ್ಪಿನ ಚೀಲ, ಎಲ್ಲ ಬಿಸಿಲ ಕಣವಾಗಿ ತೇಲುತ್ತಿದ್ದವು. ನಾನೂ. ಯಾವ ಕಣ ಯಾರದು ಅಂತ ತಿಳಿಯುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ತುಂಬ ಹಾಯಾಗಿತ್ತು. ಪಾಯ ಲೇಬಾರ್ ಬಂತು, ಬಾಗಿಲು ತೆರೆಯಿತು, ಎಲ್ಲರೂ ಕೂಡಿಕೊಂಡು ತಂತಮ್ಮ ಚೀಲ ಎತ್ತಿಕೊಂಡು ಇಳಿದರು.

ನಾನು ಇಳಿಯುವುದನ್ನೇ ಮರೆತೆ. ಯೂನೋಸ್‌ನಿಂದ ವಾಪಸ್ ಬಂದೆ.

ಮಾರ್ಚ್ 12, ಬುಧವಾರ

ಅಣ್ಣ ಬಂದಿದ್ದಾರೆ. ನಿನ್ನೆಯೇ. ಅಂಕಲ್ ಮೆಸೇಜ್ ಹಾಕಿದ್ದರು. ನಾನು ಹೋಗಲಿಲ್ಲ, ಅವರು ಕರೆಯಲಿಲ್ಲ.

ಒಂದೇ ಊರಿನಲ್ಲಿದ್ದೇವೆ. ಟ್ಯಾಕ್ಸಿಯಲ್ಲಿ ಅರ್ಧ ಗಂಟೆ.

ಮಾರ್ಚ್ 14, ಶುಕ್ರವಾರ, ಸಂಜೆ

ಗಾರ್ಗಿಗೆ ಶಾಲೆ ತಪ್ಪಿಸಿ ಕಾನ್ಫರೆನ್ಸಿಗೆ ಕರೆದುಕೊಂಡು ಹೋದೆ. ಕೊನೇ ಸಾಲು. ಬೆಳಿಗ್ಗೆ ಡಾಲ್ಟನ್ ಬಗ್ಗೆ ಮಾತಾಡಿದವನು ಅವನ ಮರದ ಗುಂಡುಗಳ ಚಿತ್ರ ತೋರಿಸಿದ. ಪರಮಾಣುಗಳಿಗೆ ಬದಲು ಗೋಲಿಯಷ್ಟು ಗುಂಡು. ಪಾಪ, ಬಣ್ಣ ಸರಿಯಾಗಿ ಕಾಣದ ಮನುಷ್ಯ. ಸತ್ತ ಮೇಲೆ ತನ್ನ ಕಣ್ಣು ತೆಗೆದು ಪರೀಕ್ಷೆ ಮಾಡಿ ಅಂತ ಹೇಳಿ ಹೋಗಿದ್ದನಂತೆ, ಒಳಗಿನ ದ್ರವ ನೀಲಿಯಿರಬೇಕು ಅನ್ನುವುದು ಅವನ ನಂಬಿಕೆ. ತೆಗೆದು ನೋಡಿದರು. ನೀಲಿ ಇರಲಿಲ್ಲ.

ಆಮೇಲೆ ಅಣ್ಣ. ಬಿಳೀ ಪಂಚೆ, ಶಲ್ಯ, ಎಸಿ ಚಳಿಗೆ ಮೇಲೊಂದು ಅಂಕಲ್‌ನ ಸ್ವೆಟರ್. ಎಷ್ಟು ಸಣ್ಣಗಾಗಿದ್ದಾರೆ! ಆದರೆ ಮಾತು ಶುರುವಾದ ಕೂಡಲೇ ಹಳೇ ಹುಲಿ. ಕನ್ನಡದಲ್ಲಿ ಹೇಳುವುದು, ಅಂಕಲ್ ಇಂಗ್ಲಿಷ್ ಮಾಡುವುದು. ಪರಮಾಣು, ಜೋಡಿ, ಬಿಸಿಲ ಕಣ, ಆಮೇಲೆ ಮಡಕೆ. ಗ್ರೀಕರ ಬಗ್ಗೆ ಮಾತಾಡಿದ್ದ ಹೆಂಗಸು ಎದ್ದು ಕೇಳಿದಳು: ನೀವು ಎಂದಾದರೂ ಉರಿಯುವ ಆವಿಗೆಯೊಳಗೆ ನೋಡಿದ್ದೀರಾ? ಅಣ್ಣ ನಕ್ಕರು. "ಒಳಗೆ ಇಣುಕಿದವನು ಮೀಸೆ ಸುಟ್ಕೋತಾನೆ ತಾಯಿ. ಅದಕ್ಕೇ ದೇವರು ಬುದ್ಧಿ ಕೊಟ್ಟಿರೋದು." ಸಭೆ ಘೊಳ್ಳೆಂದಿತು. ನಾನೂ ನಕ್ಕೆ. ಐವತ್ತು ವರ್ಷ ಆವಿಗೆಯ ಬಗ್ಗೆಯೇ ವಾದ, ಒಂದು ದಿನವೂ ಆವಿಗೆ ನೋಡಿಲ್ಲ ಪುಣ್ಯಾತ್ಮ!

ಊಟದ ಹೊತ್ತು ಮೂಲೆಯಲ್ಲಿ ಒಬ್ಬರೇ ಕೂತಿದ್ದರು. ಅಂಕಲ್ ಮನೆಯ ಮೊಸರನ್ನದ ಡಬ್ಬಿ, ಅವರ ಮನೆಯ ನೀರಿನ ಸ್ಟೀಲ್ ಬಾಟ್ಲಿ.

"ಅಣ್ಣ."

ತಲೆ ಎತ್ತಿದರು. "ಬಂದಿದ್ಯಾ. ಎಲ್ಲ ಚೆನ್ನಾಗಿದೀರಾ?"

ಆ *ಎಲ್ಲ*ದೊಳಗೆ ಕಿಯಾನ್ ಇದ್ದಾನೋ ಇಲ್ಲವೋ ತಿಳಿಯಲಿಲ್ಲ. ಅಷ್ಟರಲ್ಲಿ ಗಾರ್ಗಿ ಮುಂದೆ ನುಗ್ಗಿದಳು. "ತಾತ, ಟಾಕ್ ಸೂಪರ್ ಲಾ. ಬಟ್ ಕೆಳಗಿನ ಪಾಟ್ ಒಡೆದ್ರೆ ಅದರ ಮೇಲೆ ಇಟ್ಟಿರೋ ಪಾಟ್ ಬೀಳಲ್ವಾ?"

ಅಣ್ಣನ ಕಣ್ಣು ಅರಳಿತು. "ಯಾರಿದು? ನೈಯಾಯಿಕರ ಮೊಮ್ಮಗಳಾ?"

"ನಿಮ್ಮ ಮೊಮ್ಮಗಳೇ" ಅಂದೆ.

"ಸ್ವಲ್ಪ ಸ್ವಲ್ಪವೇ ಒಡೆದು ಕೂಡ್ಕೊಳ್ಳುತ್ತೆ ಮರಿ. ಬೀಳೋಕೆ ಅದಕ್ಕೆ ಪುರುಸೊತ್ತೇ ಇರಲ್ಲ."

ಗಾರ್ಗಿ ಖುಷಿಯಾಗಿ ತನ್ನ ಬಾಟ್ಲಿ ಚಾಚಿದಳು, ತಾತ ನೀರು ಕುಡಿ ಅಂತ. ಅಣ್ಣ ಅವಳ ತಲೆ ನೇವರಿಸಿದರು. "ಬೇಡ ಕಂದ, ನಾನು ತಂದಿದೀನಿ." ಮೃದುವಾಗಿಯೇ ಹೇಳಿದರು. ನಾನಾದರೋ ತಪ್ಪು ಮಾಡಿದವಳು ಅಂತಲೇ ಇರಲಿ. ಮಗು ಏನು ಮಾಡಿತ್ತು?

ಕೋಪ ಬಂದರೆ ನನಗೆ ತರ್ಕ ಹೊಳೆಯುತ್ತದೆ. ಅಪ್ಪನ ಆಸ್ತಿಯಲ್ಲಿ ಬಂದ ಪಾಲು.

"ಅಣ್ಣ, ಮಣ್ಣಿನ ಪಾತ್ರೆ ಮೈಲಿಗೆಯಾದ್ರೆ ಮತ್ತೆ ಬೆಂಕೀಲಿ ಸುಟ್ರೆ ಶುದ್ಧ ಅಂತ ನೀವೇ ಹೇಳ್ಕೊಟ್ಟಿದ್ದು."

"ಹೌದು."

"ನಿಮ್ಮ ವಾದದ ಪ್ರಕಾರ ಸುಟ್ಟ ಮೇಲೆ ಅದು ಹಳೇ ಪಾತ್ರೆನೇ ಅಲ್ಲ. ನಮ್ಮನೇಲಿ ನಾನು ಮಾಡಿದ ಮಣ್ಣಿನ ಲೋಟ ಇದೆ. ಮತ್ತೆ ಸುಟ್ಟು ಅದರಲ್ಲಿ ನೀರು ಕೊಟ್ರೆ ಕುಡೀತೀರಾ?"

ಅಣ್ಣ ಡಬ್ಬಿ ಮುಚ್ಚಿದರು. "ಲೋಟ ಸರಿ. ಕೊಡೋ ಕೈ?"

"ಕೈ ಹದಿನಾಲ್ಕು ವರ್ಷದಿಂದ ಬೆಂಕಿ ಹತ್ರಾನೇ ಇದೆ ಅಣ್ಣ."

ಸ್ಟೀಲ್ ಬಾಟ್ಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. ಆಮೇಲೆ, ನನ್ನನ್ನು ನೋಡದೆ: "ಭಾನುವಾರ ಮಧ್ಯಾಹ್ನ ಬರ್ತೀನಿ. ಆವಿಗೆ ನೋಡಿದ ಹಾಗೂ ಆಗುತ್ತೆ. ಸೋಮವಾರ ಬೆಳಿಗ್ಗೆ ಫ್ಲೈಟು."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವರ ಮಡಿ ಅವರಿಗಿರಲಿ, ನನ್ನ ನೀರು ನನಗೆ.

ಮಾರ್ಚ್ 15, ಶನಿವಾರ

ಲೋಟ ಚಿಕ್ಕ ಕಿಲ್ನ್‌ನಲ್ಲಿಟ್ಟೆ. ನಾಲ್ಕು ವರ್ಷ ಕಾಫಿ ಕುಡಿದ ಲೋಟ. ಮೈ ತುಂಬ ತೇವ ಕುಡಿದಿರುತ್ತದೆ. ಐದಾರು ಗಂಟೆ ಸಣ್ಣ ಶಾಖದಲ್ಲಿಟ್ಟು ಒಣಗಿಸಿ ಆಮೇಲೆ ಏರಿಸಬೇಕು. ವಾರಕ್ಕೊಮ್ಮೆ ಸ್ಟೂಡೆಂಟ್‌ಗಳಿಗೆ ಇದನ್ನು ಗಂಟಲು ಹರಿದುಕೊಂಡು ಹೇಳುವವಳು ನಾನೇ. ಆದರೆ ಇವತ್ತು ಸುಟ್ಟು, ಆರಿ, ನಾಳೆ ಬೆಳಿಗ್ಗೆ ಕೈಗೆ ಬರಬೇಕು. ಒಂದು ಗಂಟೆ ಒಣಗಿಸಿದೆ. ಸಾಕು ಅಂದುಕೊಂಡೆ.

ದೊಡ್ಡದರಲ್ಲಿ ಮಾಮೂಲಿ ಲೋಡ್. ಹಸಿ ಬಟ್ಟಲುಗಳು, ಒಂದರ ಮೇಲೊಂದು. ನಾಳೆ ಮಧ್ಯಾಹ್ನ ಅಣ್ಣ ಬರುವ ಹೊತ್ತಿಗೆ ಚೆನ್ನಾಗಿ ಕಾದಿರುವ ಹಾಗೆ ಪ್ರೋಗ್ರಾಮ್ ಹಾಕಿದ್ದೇನೆ.

ಕಿಯಾನ್ ಕೇಳಿದ, ನಿಮ್ಮಪ್ಪ ಬಂದಾಗ ನಾನು ಇರಲಾ, ಹೊರಗೆ ಹೋಗಲಾ? ಇರು ಅಂದೆ. ಜೋರಾಗಿಯೇ ಅಂದೆ.

ಮಾರ್ಚ್ 16, ಭಾನುವಾರ, ಬೆಳಿಗ್ಗೆ 8:10

ಚಿಕ್ಕ ಕಿಲ್ನ್‌ನ ಮುಚ್ಚಳ ತೆಗೆದೆ.

ಆತುರಗಾರನಿಗೆ ಬುದ್ಧಿ ಮಟ್ಟ. ಲೋಟ ಸಿಡಿದು ನೂರು ಚೂರಾಗಿದೆ, ಗೋಡೆಗೆಲ್ಲ ಅಂಟಿಕೊಂಡಿದೆ. ಅಣ್ಣನ ವಾದದಲ್ಲಿ ಅರ್ಧ ನಿಜವಾಯಿತು. ಬಿಚ್ಚಿಕೊಂಡಿತು. ಕೂಡಿಕೊಳ್ಳಲಿಲ್ಲ.

ನಗು ಬಂತು. ಆಮೇಲೆ ಕಿಲ್ನ್ ಪಕ್ಕ ಕೂತು ಅತ್ತೆ.

ಅದೇ ದಿನ, ಸಂಜೆ

ಆದದ್ದು ಆದ ಹಾಗೇ ಬರೆಯಬೇಕು. ಬೇಗ ಬರೆಯಬೇಕು.

ಒಂದೂಕಾಲಕ್ಕೆ ಬಂದರು. ಸೂರ್ಯ ನೆತ್ತಿಯ ಮೇಲೆ, ಕೆಳಗೆ ಸಾಮಾನು ಇಳಿಸುವ ಲೋಡಿಂಗ್ ಬೇಯಲ್ಲಿ ನಿಂತ ಅಣ್ಣನ ನೆರಳು ಅವರ ಕಾಲಡಿಯಲ್ಲೇ ಅಡಗಿತ್ತು. ನೆರಳೇ ಇಲ್ಲದ ಮನುಷ್ಯ ಕನಸಿನಿಂದ ನಡೆದು ಬಂದ ಹಾಗೆ ಕಂಡಿತು. ಕೈಯಲ್ಲಿ ಸ್ಟೀಲ್ ಬಾಟ್ಲಿ. ಅಂಕಲ್ ಗಾರ್ಗಿಯನ್ನು ಐಸ್‌ಕ್ರೀಮ್ ಕೊಡಿಸಲು ಕರೆದುಕೊಂಡು ಹೋದರು, ಬೇಕೆಂದೇ ಇರಬೇಕು.

ಕಿಯಾನ್ ಕುರ್ಚಿ ಒರೆಸಿ ಹಾಕಿದ. ಅಣ್ಣ ಅವನ ಮಣ್ಣು ಮೆತ್ತಿದ ಕೈ ನೋಡಿದರು. ಇಂಗ್ಲಿಷಿನಲ್ಲಿ ಕೇಳಿದರು, ನೀವೂ ಇದೇ ಕೆಲಸವೋ?

"ಬಾಸ್ ಅವಳು, ಅಂಕಲ್. ನಾನು ಮಾಪ್ ಓನ್ಲಿ."

ಅಣ್ಣನಿಗೆ ನಗು ತಡೆಯಲಾಗಲಿಲ್ಲ. ಕಿಯಾನ್ ತಾನೂ ನಕ್ಕು, ಮಡಕೆಗೆ ಹೊಳಪು ಹಚ್ಚುವ ಗ್ಲೇಜ್‌ನ ಬಕೆಟ್ ಎತ್ತಿಕೊಂಡು ಹಿಂದಿನ ರೂಮಿಗೆ ಹೋದ.

ನಾನು ಚೂರುಗಳ ತಟ್ಟೆ ತೋರಿಸಿದೆ. "ಒಡೀತು ಅಣ್ಣ. ಆತುರ ಮಾಡ್ದೆ."

"ಹೂಂ." ಒಂದು ಚೂರು ಎತ್ತಿ ನೋಡಿ ಇಟ್ಟರು. ಬೇಸರವೋ ಸಮಾಧಾನವೋ ಮುಖದಲ್ಲಿ ಗೊತ್ತಾಗಲಿಲ್ಲ. "ಆವಿಗೆ ತೋರ್ಸು."

ಕಪ್ಪು ಕನ್ನಡಕ ಹಾಕಿಸಿದೆ. ದೊಡ್ಡ ಕಿಲ್ನ್‌ನಲ್ಲಿ ಒಂಬೈನೂರ ಅರವತ್ತು ಡಿಗ್ರಿ. ಕಿಂಡಿಯ ಬಿರಡೆ ತೆಗೆದೆ, ದೂರ ನಿಲ್ಲಿ ಅಂದೆ. ಅಣ್ಣ ಬಗ್ಗಿದರು. ಕಿತ್ತಳೆ ಬೆಳಕು ಅವರ ಕೆನ್ನೆಯ ಮೇಲೆ ಬಿತ್ತು.

"ಮಡಕೆ ಎಲ್ಲೇ?"

"ಒಳಗೇ ಇವೆ, ನಲವತ್ತು."

"ಇಲ್ಲ. ಬರೀ ಬೆಳಕು." ಇನ್ನಷ್ಟು ಬಗ್ಗಿದರು. "ಒಂದೂ ಇಲ್ಲ. ಕರಗಿಹೋಗಿವೆ. ಪರಮಾಣು ಆಗ್ಬಿಟ್ಟಿವೆ ಕಣೇ!"

ತಿರುಗಿದಾಗ ಆ ಮುಖ! ಐವತ್ತು ವರ್ಷ ಬುದ್ಧಿಯಿಂದ ಮಾತ್ರ ನೋಡಿದ್ದನ್ನು ಕಣ್ಣಿಂದಲೂ ಕಂಡಾಯಿತು ಅನ್ನುವ ಮುಖ. ಅಷ್ಟು ಸುಖವಾಗಿರುವ ಅಣ್ಣನನ್ನು ನಾನು ಚಿಕ್ಕಂದಿನಲ್ಲೂ ನೋಡಿರಲಿಲ್ಲ.

ಅಲ್ಲಿ ಏನು ನಡೆಯುತ್ತಿದೆ ಅಂತ ನನಗೆ ಗೊತ್ತಿತ್ತು. ಅಷ್ಟು ಶಾಖದಲ್ಲಿ ಮಡಕೆ, ಗೋಡೆ, ಶೆಲ್ಫ್ ಎಲ್ಲ ಒಂದೇ ಬಣ್ಣಕ್ಕೆ ಹೊಳೆಯುತ್ತವೆ, ಅಂಚು ಕಾಣುವುದಿಲ್ಲ. ಜೋರಾದ ಟಾರ್ಚ್ ಬಿಟ್ಟರೆ ಕಾಣುತ್ತದೆ. ಟಾರ್ಚ್ ಏಪ್ರನ್ ಜೇಬಿನಲ್ಲೇ ಇತ್ತು. ಸುಮ್ಮನಿದ್ದರೆ ಅಣ್ಣ ಗೆದ್ದು ಊರಿಗೆ ಹೋಗುತ್ತಾರೆ. ನನ್ನ ವಾದವೂ ಉಳಿಯುತ್ತದೆ, ಸುಟ್ಟದ್ದೆಲ್ಲ ಹೊಸದು. ಇನ್ನೊಂದು ಲೋಟ ಸುಟ್ಟು ಮೈಸೂರಿಗೇ ಒಯ್ದು ಕೊಡಬಹುದು. ಟಾರ್ಚ್ ಕೊಟ್ಟರೆ ಎರಡೂ ಹೋಯಿತು.

ಆದರೆ ಕಂಡದ್ದನ್ನು ಬಚ್ಚಿಟ್ಟು ಗೆದ್ದರೆ ಅದು ಗೆಲುವಲ್ಲ ಅಂತ ನನಗೆ ಕಲಿಸಿದವರು ಎದುರಿಗೇ ನಿಂತಿದ್ದರು. ಅವರಿಗೆ ಮೋಸ ಮಾಡಿ ಅವರಿಗೇ ನೀರು ಕುಡಿಸಲೇ?

ಟಾರ್ಚ್ ಕೈಗೆ ಕೊಟ್ಟೆ. "ಇದನ್ನ ಬಿಟ್ಟು ಇನ್ನೊಂದ್ಸಲ ನೋಡಿ ಅಣ್ಣ."

ನೋಡಿದರು. ತುಂಬ ಹೊತ್ತು. ಕಿಲ್ನ್ ಟಿಕ್ ಟಿಕ್ ಅನ್ನುತ್ತಿತ್ತು.

"ಇದಾವೆ" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಒಂದರ ಮೇಲೊಂದು. ಬಿದ್ದಿಲ್ಲ."

ಬಂದು ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆಯಲಿಲ್ಲ. ಎಪ್ಪತ್ತೊಂಬತ್ತು ವರ್ಷದ ಮುದುಕರಿಂದ ಏನು ಕಿತ್ತುಕೊಂಡೆ ನಾನು!

"ತಪ್ಪಾಯ್ತು ಅಣ್ಣ. ಟಾರ್ಚ್ ಕೊಡಬಾರದಿತ್ತು."

"ಹುಚ್ಚಿ." ಆಮೇಲೆ, ಕಿಲ್ನ್ ಕಡೆಗೇ ನೋಡುತ್ತಾ: "ನಿನ್ನ ಕಾಗದ ಬಂದ ದಿನ ನಿಮ್ಮಮ್ಮಂಗೆ ಹೇಳ್ದೆ. ಬೆಂಕೀಗೆ ಹೋಗಿದಾಳೆ, ಇನ್ನು ಬರೋಳು ಬೇರೆ ಯಾರೋ, ನಮ್ಮ ಮಗಳಲ್ಲ ಅಂತ. ನನ್ನ ವಾದದ ಪ್ರಕಾರ ಸರಿಯಾಗೇ ಇತ್ತು. ಅವಳು ಒಪ್ಪಲಿಲ್ಲ. ಬಣ್ಣ ಬದಲಾಗಿರ್ಬಹುದು, ಮಗು ಅದೇ ಅಂದ್ಲು. ತರ್ಕ ಓದದೋಳು ಅಂತ ನಕ್ಬಿಟ್ಟೆ."

ನಾನು ಕಿಂಡಿಗೆ ಬಿರಡೆ ಹಾಕಿದೆ.

"ಅವಳೇ ಸರಿ ಕಣೇ. ಒಡೆಯಲ್ಲ."

"ಹಾಗಾದ್ರೆ ಶಾಲು ವಾಪಸ್ ಕೊಡ್ಬೇಕಾಗುತ್ತೆ." ಅಳು ಬಂದಾಗ ನನಗೆ ತಮಾಷೆಯೇ ಗತಿ.

"ಕೊಡೋಣ ಬಿಡು. ಬಿಸಿಲಿಗೆ ಯಾರಿಗೆ ಬೇಕು ಶಾಲು." ಕನ್ನಡಕ ತೆಗೆದರು. ಕಣ್ಣು ಒದ್ದೆಯಾಗಿತ್ತು, ಶಾಖಕ್ಕೂ ಇರಬಹುದು. "ಬಾಯಾರ್ತಿದೆ."

ನಾನು ಅವರ ಬಾಟ್ಲಿಯ ಕಡೆ ನೋಡಿದೆ. ತುಂಬಿದ ಬಾಟ್ಲಿ. ಅಣ್ಣ ಅದನ್ನು ಕುರ್ಚಿಯ ಕೆಳಗೆ ತಳ್ಳಿದರು.

"ಇಲ್ಲಿರೋವೆಲ್ಲ ನಾವು ದಿನಾ ಕುಡಿಯೋ ಲೋಟಗಳು ಅಣ್ಣ. ಯಾವುದನ್ನೂ ಮತ್ತೆ ಸುಟ್ಟಿಲ್ಲ."

"ಗೊತ್ತು. ಸುಡೋದೇನೂ ಬೇಡ."

ಸಿಂಕಿನ ಮೇಲಿದ್ದದ್ದು ಕಿಯಾನ್‌ನ ಮಗ್ ಒಂದೇ, ಅಂಚು ಸ್ವಲ್ಪ ಮುಕ್ಕಾಗಿತ್ತು. ತೊಳೆದೆ. ಹೂಜಿಯಿಂದ ಬಗ್ಗಿಸಿದೆ. ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ, ಪ್ರಸಾದ ಕೊಡುವ ಹಾಗೆ, ಅಥವಾ ತೆಗೆದುಕೊಳ್ಳುವ ಹಾಗೆ. ಅಣ್ಣ ಯಾವತ್ತೂ ಲೋಟ ಎತ್ತಿ ಬಾಯಿಗೆ ಹೊಯ್ದುಕೊಳ್ಳುವವರು, ಅಮ್ಮನ ಕೈಯ ಕಾಫಿಯನ್ನೂ ತುಟಿಗೆ ತಾಗಿಸಿದವರಲ್ಲ. ಇವತ್ತು ತುಟಿಗಿಟ್ಟುಕೊಂಡರು. ಗುಟುಕು ಗುಟುಕಾಗಿ ಪೂರ್ತಿ ಕುಡಿದರು. ಖಾಲಿ ಮಗ್ ನನ್ನ ಕಡೆ ಚಾಚಿ, "ಇನ್ನೊಂದ್ಸ್ವಲ್ಪ ಹಾಕೇ ಪದ್ದು" ಅಂದರು. ಹೂಜಿ ಬಗ್ಗಿಸಿದೆ, ಕಣ್ಣು ಮಂಜಾಗಿ ಮಗ್ ಎಲ್ಲಿದೆ ಅಂತಲೇ ಕಾಣದೆ, ನೀರೆಲ್ಲ ಅಣ್ಣನ ಪಂಚೆಯ ಮೇಲೆ ಚೆಲ್ಲಿತು.